ಹೊಣೆ ನರ್ಸಿನದು, ಅಧಿಕಾರ ಯಾರದು? ಪೂರ್ವ ಬೆಂಗಳೂರಿನ ಕ್ಯಾನ್ಸರ್ ಉಪಶಾಮಕ ಆರೈಕೆಯ ಒಂದು ಪರಿಶೀಲನೆ

ಕ್ಯಾನ್ಸರ್ ರೋಗಿಗಳಿಗಾಗಿ ದುಡಿಯುವ ದತ್ತಿ ಸಂಸ್ಥೆಯನ್ನು ಹಾಸಿಗೆಗಳ ಲೆಕ್ಕದಲ್ಲೋ ದಾನಿಗಳ ಪಟ್ಟಿಯಲ್ಲೋ ಅಳೆಯುವುದು ರೂಢಿ. ಈ ಲೇಖನದ ವಾದ ಬೇರೆ. ಗುಣವಾಗುವ ಹಂತ ದಾಟಿದ ರೋಗಿಗೆ ಇಂಥ ಸಂಸ್ಥೆ ಕೊಡುವ ಮುಖ್ಯ ಚಿಕಿತ್ಸೆಯೆಂದರೆ ವಿಶೇಷ ತರಬೇತಿ ಪಡೆದ ನರ್ಸಿನ ತೀರ್ಮಾನಶಕ್ತಿ. ಆಕೆಯ ಮೇಲೆ ಹೊಣೆಯನ್ನು ಹೊರಿಸಿರುವ ನಮ್ಮ ವ್ಯವಸ್ಥೆ, ಆ ಹೊಣೆಗೆ ತಕ್ಕ ಅಧಿಕಾರವನ್ನು ಇನ್ನೂ ಕೊಟ್ಟಿಲ್ಲ. ಇದನ್ನು ಪರಿಶೀಲಿಸಲು ಕಾಡುಗೋಡಿ, ವೈಟ್‌ಫೀಲ್ಡ್, ಕುಂದಲಹಳ್ಳಿಗಳ ಸೀಮೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಲ್ಲಿ ಆಸ್ಪತ್ರೆಗಳಿಗೆ ಕೊರತೆಯಿಲ್ಲ. 2001ರಲ್ಲಿ ತೆರೆದ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಹೃದಯ ಮತ್ತು ನರರೋಗಗಳಿಗೆ ಉಚಿತ ಚಿಕಿತ್ಸೆ ಕೊಟ್ಟು ಹೆಸರಾಗಿದೆ. ವೈದೇಹಿ ಆಸ್ಪತ್ರೆಯಲ್ಲಿ ಕ್ಯಾನ್ಸರ್ ವಿಭಾಗವಿದೆ. 2023ರಲ್ಲಿ ಮೆಟ್ರೊ ಕಾಡುಗೋಡಿಯವರೆಗೆ ಬಂದಿದೆ. ಇಷ್ಟೆಲ್ಲ ಇದ್ದ ಕಡೆಯಲ್ಲೂ ರೋಗಿಯ ಕೊನೆಯ ತಿಂಗಳುಗಳು ನೋವಿನಲ್ಲೇ ಕಳೆಯುವುದಾದರೆ, ಇನ್ನಷ್ಟು ಆಸ್ಪತ್ರೆ ಕಟ್ಟುವುದರಿಂದ ಅದು ಸರಿಹೋಗದು.

ಈ ಸೀಮೆಯಲ್ಲಿ ಆ ನೋವಿಗೆ ಮೊದಲು ಉತ್ತರ ಹುಡುಕಿದ್ದು ಕರುಣಾಶ್ರಯ. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ ಕೂಡಿ 1994ರಲ್ಲಿ ಅದನ್ನು ನಡೆಸುವ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಕಟ್ಟಿದವು. ಹಳೆ ವಿಮಾನ ನಿಲ್ದಾಣದಿಂದ ವರ್ತೂರಿಗೆ ಹೋಗುವ ರಸ್ತೆಯಲ್ಲಿ, ಕುಂದಲಹಳ್ಳಿ ಗೇಟಿನ ಹತ್ತಿರ ಅದರ ಒಳರೋಗಿ ವಿಭಾಗ ತೆರೆದದ್ದು 1999ರಲ್ಲಿ. ಇಲ್ಲಿ ಗಮನಿಸಬೇಕಾದದ್ದು ಕಾಲಕ್ರಮ. ಮನೆಗೆ ಹೋಗಿ ಆರೈಕೆ ಮಾಡುವ ತಂಡ 1995ರಲ್ಲೇ ಕೆಲಸ ಶುರುಮಾಡಿತ್ತು. ಅಂದರೆ ಕಟ್ಟಡ ಏಳುವುದಕ್ಕೆ ನಾಲ್ಕು ವರ್ಷ ಮೊದಲೇ ಸಂಸ್ಥೆ ನಡೆಯುತ್ತಿತ್ತು, ಮತ್ತು ಅದು ನಡೆದದ್ದು ರೋಗಿಯ ಮನೆಬಾಗಿಲಿಗೆ ಹೋಗುವವರಿಂದ. ವಾಸ್ತುಶಿಲ್ಪಿ ಸಂಜಯ್ ಮೋಹೆ ರೂಪಿಸಿದ ಆ ಕಟ್ಟಡ, ನೀರಿನ ಕೊಳ ಮತ್ತು ತೋಟಗಳೊಡನೆ, ಮೆಚ್ಚಬೇಕಾದದ್ದೇ. ಅಲ್ಲಿ ಆರೈಕೆಗೆ ಹಣ ಪಡೆಯುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಮಾತು. ಆದರೂ ಸಂಸ್ಥೆಯ ಕಸುವನ್ನು ತಿಳಿಯಬೇಕಾದರೆ ಆ ಮೊದಲ ನಾಲ್ಕು ವರ್ಷಗಳನ್ನು ನೋಡಬೇಕು ಎಂಬುದು ನನ್ನ ತೀರ್ಮಾನ. ಹೊರಗಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಬ್ರಿಟನ್ನಿನಲ್ಲಿ ಡಗ್ಲಸ್ ಮ್ಯಾಕ್‌ಮಿಲನ್ 1911ರಲ್ಲಿ ಆರಂಭಿಸಿದ ದತ್ತಿ ಸಂಸ್ಥೆ ಇಂದು ಜನರ ಬಾಯಲ್ಲಿರುವುದು 1975ರಿಂದ ಅದು ನೇಮಿಸತೊಡಗಿದ ನರ್ಸುಗಳಿಂದ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್ ವೈದ್ಯೆಯಾಗುವ ಮೊದಲು ನರ್ಸ್ ಆಗಿದ್ದವರು.

ಈ ನರ್ಸ್ ಮಾಡುವ ಕೆಲಸವೇನು? ಕರ್ನಾಟಕದಲ್ಲಿ ತಂಬಾಕು, ಅಡಿಕೆಗಳ ಸೇವನೆಯಿಂದ ಬರುವ ಬಾಯಿಯ ಕ್ಯಾನ್ಸರ್ ಹೆಚ್ಚು. ಅದು ಮುಂದುವರಿದಾಗ ಕೆನ್ನೆ ತೂತಾಗಿ, ಗಾಯ ಕೊಳೆತು ವಾಸನೆ ಬರುತ್ತದೆ, ಕೆಲವೊಮ್ಮೆ ಹುಳು ಬೀಳುತ್ತವೆ. ವಾಸನೆಗೆ ಅಂಜಿ ಮನೆಯವರೇ ದೂರ ಸರಿಯುತ್ತಾರೆ, ರೋಗಿ ಮೂಲೆ ಹಿಡಿಯುತ್ತಾನೆ. ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಗಾಯಕ್ಕೆ ಉದುರಿಸಿ ಡ್ರೆಸಿಂಗ್ ಮಾಡಿದರೆ ವಾಸನೆ ಬಹುಮಟ್ಟಿಗೆ ಇಳಿಯುತ್ತದೆ. ಇದಕ್ಕೆ ದುಬಾರಿ ಔಷಧಿ ಬೇಡ, ಕಲಿತ ಕೈ ಬೇಕು. ಮೂಗಿನ ನಳಿಕೆಯಿಂದ ಗಂಜಿ ಹಾಕುವುದು, ಗಂಟಲಿನ ಟ್ಯೂಬ್ ಶುಚಿಮಾಡುವುದು, ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ನೋವು ಮರಳುವ ಮೊದಲೇ ಕೊಡುವುದು, ಅದರಿಂದಾಗುವ ಮಲಬದ್ಧತೆಗೆ ಮೊದಲ ದಿನದಿಂದಲೇ ಮದ್ದು ಕೊಡುವುದು, ಇವೆಲ್ಲವನ್ನೂ ಆಕೆ ಮಾಡುವುದಷ್ಟೇ ಅಲ್ಲ, ಮನೆಯವರಿಗೆ ಕಲಿಸಿಯೂ ಬರಬೇಕು. ಕಾಡುಗೋಡಿಯ ಸುತ್ತಲಿನ ಕಟ್ಟಡ ಕೆಲಸಗಾರರ ಶೆಡ್ಡುಗಳಲ್ಲಿ, ಒಂದೇ ಕೋಣೆಯ ಬಾಡಿಗೆ ಮನೆಗಳಲ್ಲಿ ಇದು ಇನ್ನೂ ಕಠಿಣ. ರಾಯಚೂರು, ಯಾದಗಿರಿ ಕಡೆಯಿಂದ, ಒಡಿಶಾ, ಬಂಗಾಳದಿಂದ ದುಡಿಯಲು ಬಂದವರಿಗೆ ಅಕ್ಕಪಕ್ಕದಲ್ಲಿ ನೆಂಟರಿಲ್ಲ, ಮನೆಯಲ್ಲಿ ಉಳಿದರೆ ಆ ದಿನದ ಕೂಲಿಯಿಲ್ಲ. ಕಾರ್ಖಾನೆಯ ಕಾರ್ಮಿಕನಾದರೆ ಇಎಸ್ಐ ಯೋಜನೆಯಲ್ಲಿ ಕ್ಯಾನ್ಸರಿನಂಥ ದೀರ್ಘ ಕಾಯಿಲೆಗೆ ಕೂಲಿಯ ಶೇ. 80ರಷ್ಟನ್ನು ಎರಡು ವರ್ಷದವರೆಗೆ ಪಡೆಯಬಹುದು. ಶೆಡ್ಡಿನ ದಿನಗೂಲಿಯವನಿಗೆ ಆ ಆಸರೆ ಸಿಗುವುದು ಅಪರೂಪ. ಈ ವ್ಯತ್ಯಾಸ ತಿಳಿದು ಸರಿಯಾದ ಕಾಗದಪತ್ರ ಹೊಂದಿಸಿಕೊಡುವುದೂ ಆರೈಕೆಯ ಭಾಗವೇ.

ಹೊಣೆ ಮತ್ತು ಅಧಿಕಾರದ ನಡುವಿನ ಬಿರುಕು ಢಾಳಾಗಿ ಕಾಣುವುದು ಮಾರ್ಫಿನ್ ವಿಷಯದಲ್ಲಿ. ಭಾರತವು ಸರ್ಕಾರದ ಪರವಾನಗಿಯಡಿ ಅಫೀಮು ಬೆಳೆಯುವ ದೇಶ. ಆದರೂ 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆ ಬಂದ ಮೇಲಿನ ಹನ್ನೆರಡು ವರ್ಷಗಳಲ್ಲಿ ದೇಶದಲ್ಲಿ ವೈದ್ಯಕೀಯ ಮಾರ್ಫಿನ್ ಬಳಕೆ ಶೇ. 97ರಷ್ಟು ಕುಸಿಯಿತು. ಶಿಕ್ಷೆಯ ಭಯಕ್ಕೆ ಔಷಧಿ ಅಂಗಡಿಗಳೂ ಆಸ್ಪತ್ರೆಗಳೂ ಅದನ್ನು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಹಲವು ಪರವಾನಗಿಗಳ ಗೋಜಲನ್ನು ತೆಗೆದು, ಮಾನ್ಯತೆ ಪಡೆದ ಸಂಸ್ಥೆಗಳಿಗೆ ದಾರಿ ಸಲೀಸು ಮಾಡಿತು. ಇದು ಸಂಸ್ಥೆಗಳ ಕಷ್ಟವನ್ನು ಕಡಿಮೆ ಮಾಡಿತೇ ಹೊರತು ಮನೆಯಲ್ಲಿ ರೋಗಿಯ ಎದುರು ಕೂತ ನರ್ಸಿನ ಕಷ್ಟವನ್ನಲ್ಲ. ರಾತ್ರಿ ನೋವು ಮಿತಿಮೀರಿದೆ ಎಂದು ಆಕೆ ಗುರುತಿಸಬಲ್ಲಳು, ಎಷ್ಟು ಹೆಚ್ಚಿಸಬೇಕೆಂದು ಲೆಕ್ಕ ಹಾಕಬಲ್ಲಳು. ಆದರೆ ಆ ತೀರ್ಮಾನ ಕಾನೂನಿನ ಕಣ್ಣಿಗೆ ಅವಳದ್ದಾಗುವುದಿಲ್ಲ, ವೈದ್ಯರ ಸೂಚನೆ ಸಿಗಲೇಬೇಕು. ಉಗಾಂಡ ಈ ಗಂಟನ್ನು 2004ರಲ್ಲೇ ಬಿಡಿಸಿತು: ಉಪಶಾಮಕ ಆರೈಕೆಯಲ್ಲಿ ತರಬೇತಿ ಪಡೆದ ನರ್ಸುಗಳು ಮಾರ್ಫಿನ್ ಬರೆದುಕೊಡಬಹುದೆಂದು ನಿಯಮ ಮಾಡಿತು. ವೈದ್ಯರು ವಿರಳವಾದ ಒಂದು ಬಡ ದೇಶ ತನ್ನ ರೋಗಿಗಳ ಮೇಲಿನ ಕಾಳಜಿಯಿಂದ ತೆಗೆದುಕೊಂಡ ಈ ನಿರ್ಧಾರದಿಂದ ನಾವು ಕಲಿಯಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಸುರಕ್ಷತೆಯದು: ಮಾತ್ರೆ ಕೈತಪ್ಪಿ ದುರ್ಬಳಕೆಯಾದರೆ? ಆತಂಕ ಹುರುಳಿಲ್ಲದ್ದಲ್ಲ. ಆದರೆ ಮಾತ್ರೆ ಈಗಲೂ ಇರುವುದು ಮನೆಯಲ್ಲೇ, ಎಣಿಸಿ ಬರೆದಿಡುವುದನ್ನು ಮನೆಯವರಿಗೆ ಕಲಿಸುವವಳು, ಉಳಿದದ್ದನ್ನು ಪರೀಕ್ಷಿಸಬಲ್ಲವಳು ನರ್ಸೇ. ಸೀಮಿತ ಅಧಿಕಾರ ಕೊಟ್ಟರೆ ಆ ಲೆಕ್ಕಕ್ಕೆ ಕಾನೂನಿನ ಉತ್ತರದಾಯಿತ್ವವೂ ಬರುತ್ತದೆ. ಇದು ನಮ್ಮ ಕಾನೂನಿಗೆ ತೀರ ಪರಕೀಯವೂ ಅಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಂ ಸಮುದಾಯ ಆರೋಗ್ಯ ಸೇವೆಯವರಿಗೆ ಸೀಮಿತ ಪರವಾನಗಿಯ ಕಲ್ಪನೆಯನ್ನು ಆಗಲೇ ಒಪ್ಪಿದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಈ ಆರೈಕೆಯಿಂದ ಲಾಭವಿದೆ ಎಂಬುದಕ್ಕೆ ನಮ್ಮಲ್ಲಿ ಸಾಕ್ಷ್ಯವೆಲ್ಲಿ? ಉಪಶಾಮಕ ಆರೈಕೆಯನ್ನು ಬೇಗ ಆರಂಭಿಸಿದರೆ ಒಳಿತು ಎಂಬುದಕ್ಕೆ ಎಲ್ಲರೂ ತೋರಿಸುವ ಸಾಕ್ಷ್ಯ 2010ರಲ್ಲಿ ಬಾಸ್ಟನ್ನಿನಿಂದ ಪ್ರಕಟವಾದ ಜೆನಿಫರ್ ಟೆಮೆಲ್ ಮತ್ತು ಸಂಗಡಿಗರ ಅಧ್ಯಯನ. ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳಲ್ಲಿ ಮೊದಲಿನಿಂದಲೇ ಈ ಆರೈಕೆ ಪಡೆದವರ ಬದುಕಿನ ಗುಣಮಟ್ಟ ಮೇಲಾಗಿತ್ತು, ಆಯುಸ್ಸಿನ ಮಧ್ಯಾಂಕ 8.9 ತಿಂಗಳಿನ ಬದಲು 11.6 ತಿಂಗಳಿತ್ತು. ಆದರೆ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ತಲೆ ಮತ್ತು ಕುತ್ತಿಗೆ ಕ್ಯಾನ್ಸರಿನ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ. ಇದನ್ನು ಮರೆಮಾಚುವುದು ಸಂಶೋಧನೆಗೆ ಮಾಡುವ ಅನ್ಯಾಯ. ನಾನು ಇದನ್ನು ಹೀಗೆ ಓದುತ್ತೇನೆ: ಎರಡೂ ಅಧ್ಯಯನಗಳು ದೊಡ್ಡ ಆಸ್ಪತ್ರೆಗೆ ಬಂದು ಹೋಗಬಲ್ಲ ರೋಗಿಗಳನ್ನು ಕುರಿತವು, ಹೋಲಿಕೆ ನಡೆದದ್ದು ಅಲ್ಲಿನ ನುರಿತ ಚಿಕಿತ್ಸೆಯೊಡನೆ. ಕಾಡುಗೋಡಿಯ ಬಾಡಿಗೆ ಕೋಣೆಯಲ್ಲಿ ಹೋಲಿಕೆ ಇರುವುದು ಯಾವ ಆರೈಕೆಯೂ ಸಿಗದ ಸ್ಥಿತಿಯೊಡನೆ. ಗಾಯಕ್ಕೆ ಡ್ರೆಸಿಂಗ್ ಆಗಿದೆಯೇ, ನೋವಿಲ್ಲದೆ ನಿದ್ದೆ ಬಂದಿತೇ ಎಂಬ ಪ್ರಶ್ನೆಗಳಿಗೆ ಆಯುಸ್ಸಿನ ಕೋಷ್ಟಕದಲ್ಲಿ ಉತ್ತರ ಸಿಗದು. ಕನ್ನಡ ನಾಡಿನ ಮನೆ ಆರೈಕೆಯ ಮೇಲೆ ಇಂಥ ಪ್ರಶ್ನೆಗಳನ್ನೇ ಕೇಳುವ ಅಧ್ಯಯನಗಳು ನಡೆಯಬೇಕು.

ದತ್ತಿ ಸಂಸ್ಥೆಗಳು ಚೆನ್ನಾಗಿ ನಡೆದಷ್ಟೂ ಸರ್ಕಾರ ಕೈಕಟ್ಟಿ ಕೂರುತ್ತದೆ ಎಂಬ ಮಾತೂ ಇದೆ. ಕೇರಳದ ಅನುಭವ ಇದಕ್ಕೆ ವಿರುದ್ಧ ದಿಕ್ಕಿನಲ್ಲಿದೆ. 1993ರಲ್ಲಿ ಕೋಯಿಕ್ಕೋಡಿನ ಒಂದು ಸ್ವಯಂಸೇವಾ ಸಂಸ್ಥೆ ಆರಂಭಿಸಿದ ಪದ್ಧತಿಯೇ 2008ರಲ್ಲಿ ರಾಜ್ಯದ ನೀತಿಯಾಗಿ, ಪಂಚಾಯಿತಿಗಳು ಮನೆಮನೆಗೆ ಹೋಗುವ ನರ್ಸುಗಳನ್ನು ನೇಮಿಸುವಂತಾಯಿತು. ಕೇಂದ್ರ ಸರ್ಕಾರದ ಆಯುಷ್ಮಾನ್ ಆರೋಗ್ಯ ಮಂದಿರಗಳ ಹನ್ನೆರಡು ಸೇವೆಗಳಲ್ಲಿ ಉಪಶಾಮಕ ಆರೈಕೆಯೂ ಒಂದೆಂದು ಕಾಗದದಲ್ಲಿ ಸೇರಿದೆ. ಆದರೆ ದೇಶದಲ್ಲಿ ವರ್ಷಕ್ಕೆ ಸುಮಾರು 14 ಲಕ್ಷ ಹೊಸ ಕ್ಯಾನ್ಸರ್ ರೋಗಿಗಳು, 9 ಲಕ್ಷ ಸಾವುಗಳು ಎಂದು 2022ರ ಜಾಗತಿಕ ಕ್ಯಾನ್ಸರ್ ಅಂಕಿಅಂಶ ಗ್ಲೋಬೊಕ್ಯಾನ್ ಅಂದಾಜಿಸಿರುವಾಗ, ಕೆಲವು ದತ್ತಿ ಸಂಸ್ಥೆಗಳ ತಂಡಗಳೇ ಸಾಲುತ್ತವೆಂದು ನಂಬುವಂತಿಲ್ಲ. 2025ರಲ್ಲಿ ರಚನೆಯಾದ ಬೆಂಗಳೂರು ಪೂರ್ವ ನಗರ ಪಾಲಿಕೆಯ ವ್ಯಾಪ್ತಿಯಲ್ಲೇ ಸರ್ಕಾರ ಇಂಥ ಮನೆ ಆರೈಕೆಯನ್ನು ಆರಂಭಿಸಬಹುದು. ಸರ್ಕಾರಿ ‘ನಮ್ಮ ಕ್ಲಿನಿಕ್’ಗಳ ನರ್ಸುಗಳನ್ನು ಕರುಣಾಶ್ರಯದಂಥ ಕಡೆ ತರಬೇತಿಗೆ ಕಳಿಸಿ, ಮರಳಿದವರಿಗೆ ಬೇರೆ ಹುದ್ದೆ, ಬೇರೆ ವೇತನಶ್ರೇಣಿ ಕೊಡಬೇಕು. ವೈದ್ಯರು ಮೊದಲು ಬರೆದುಕೊಟ್ಟ ಮಾರ್ಫಿನ್ ಪ್ರಮಾಣವನ್ನು ಗೊತ್ತುಪಡಿಸಿದ ಮಿತಿಯೊಳಗೆ ಹೆಚ್ಚುಕಡಿಮೆ ಮಾಡುವ ಅಧಿಕಾರವನ್ನು ಕಾನೂನು ತಿದ್ದಿ ಅವರಿಗೆ ನೀಡಬೇಕು, ಅದರ ಲೆಕ್ಕವನ್ನು ರಾಜ್ಯದ ಔಷಧ ನಿಯಂತ್ರಕರು ತಪಾಸಣೆ ಮಾಡಬೇಕು.