ಗುಡ್ಡದ ನೆತ್ತಿಯ ಕಟ್ಟಡಗಳ ಮೇಲೆ ಗಾಳಿಯ ಭಾರ: ಲೆಕ್ಕದ ಇತಿಹಾಸ

ಏರು ಹತ್ತುವ ಗಾಳಿಗೆ ನೆತ್ತಿಯ ಬಳಿ ದಾರಿ ಕಿರಿದಾಗಿ ವೇಗ ಹೆಚ್ಚುತ್ತದೆ. ಗಾಳಿಯ ಒತ್ತಡವೋ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಇದರಲ್ಲಿ ಎರಡನೆಯ ಸಂಗತಿ ಹಳೆಯದು. ಇಂಗ್ಲೆಂಡಿನ ಜಾನ್ ಸ್ಮೀಟನ್ 1759ರಲ್ಲೇ ಅದರ ಕೋಷ್ಟಕವನ್ನು ರಾಯಲ್ ಸೊಸೈಟಿಯ ಮುಂದಿಟ್ಟಿದ್ದ. ಮೊದಲನೆಯದು ಅಂಕಿಗೆ ಸಿಕ್ಕಲು ಮತ್ತೆ ಇನ್ನೂರು ವರ್ಷ ಬೇಕಾದವು.

ಮುಂದೆ ಲೆಕ್ಕದ ಉದಾಹರಣೆಗೆ ಬರುವ, ಅಮೆರಿಕದ ಸಿಯಾಟಲ್‌ನ ಉತ್ತರಕ್ಕಿರುವ ಲಿನ್‌ವುಡ್ ನಗರವಾದದ್ದು 1959ರಲ್ಲಿ. ಅದರ ಮೂರನೆಯ ವರ್ಷಕ್ಕೆ, 12 ಅಕ್ಟೋಬರ್ 1962ರಂದು, ಕೊಲಂಬಸ್ ದಿನದ ಬಿರುಗಾಳಿ ಅಮೆರಿಕದ ವಾಯವ್ಯ ಕರಾವಳಿಗೆ ಅಪ್ಪಳಿಸಿತು. ವಾಷಿಂಗ್ಟನ್ ರಾಜ್ಯದ ನಸೆಲ್ ಬಳಿ ಬೆಟ್ಟದ ಮೇಲಿದ್ದ ರೇಡಾರ್ ಕೇಂದ್ರದಲ್ಲಿ ದಾಖಲಾದ ಗಾಳಿಯ ವೇಗ ಗಂಟೆಗೆ 160 ಮೈಲಿ.

ಬೆಟ್ಟದ ಮೇಲಿನ ಇಂಥ ವೇಗವನ್ನು ಲೆಕ್ಕಕ್ಕೆ ತರುವಾಗ ಬ್ರಿಟನ್ನಿನ 1972ರ ಗಾಳಿ ಭಾರದ ಸಂಹಿತೆ ಗಾಳಿಗೆ ತೆರೆದ ಗುಡ್ಡಗಳ ವೇಗಕ್ಕೆಲ್ಲ 1.1 ಎಂಬ ಒಂದೇ ಗುಣಕ ಕೊಟ್ಟು ಕೈತೊಳೆದುಕೊಂಡಿತ್ತು. 1975ರಲ್ಲಿ ಜ್ಯಾಕ್ಸನ್ ಮತ್ತು ಹಂಟ್ ತಗ್ಗು ಗುಡ್ಡದ ಮೇಲಿನ ಗಾಳಿಗೆ ಗಣಿತದ ಸಿದ್ಧಾಂತ ರೂಪಿಸಿದರು. 1982–83ರಲ್ಲಿ ಸ್ಕಾಟ್ಲೆಂಡಿನ ಆಸ್ಕರ್ವೇನ್ ಎಂಬ 116 ಮೀಟರ್ ಗುಡ್ಡದ ಮೇಲೆ ಕಂಬಗಳ ಸಾಲು ನೆಟ್ಟು ಅಳೆದಾಗ, ನೆತ್ತಿಯಿಂದ ಹತ್ತು ಮೀಟರ್ ಮೇಲೆ ವೇಗ ಸುಮಾರು ಶೇ. 80ರಷ್ಟು ಹೆಚ್ಚಿದ್ದದ್ದು ಕಂಡುಬಂತು. ಆ ಮೇಲೆ 1.1ಕ್ಕೆ ಬೆಲೆ ಉಳಿಯಲಿಲ್ಲ.

ಭಾರತದ ಸಂಹಿತೆ ಐಎಸ್ 875 (ಭಾಗ 3, 1987) ಇಳಿಜಾರು 3 ಡಿಗ್ರಿ ಮೀರಿದರೆ ವೇಗವನ್ನು 1.36 ಪಟ್ಟಿನವರೆಗೆ ಏರಿಸಿತು, ವರ್ಗ ಮಾಡಿದರೆ ಒತ್ತಡ 1.85 ಪಟ್ಟು. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ತನ್ನ ಎಎಸ್‌ಸಿಇ 7 ಸಂಹಿತೆಗೆ ಇಂಥ ಗುಣಕ ಸೇರಿಸಿದ್ದು 1995ರ ಆವೃತ್ತಿಯಲ್ಲಿ. ಅಷ್ಟು ತಡವಾಗಿದ್ದು ಸರಿಯೆನಿಸುವುದಿಲ್ಲ.

ಎಎಸ್‌ಸಿಇ 7ರ ಲೆಕ್ಕ ಹೀಗೆ. ಲಿನ್‌ವುಡ್ ಕೂತಿರುವುದು ಪ್ರಸ್ಥಭೂಮಿಯ ಮೇಲೆ. ಪಶ್ಚಿಮಕ್ಕೆ ಎಡ್ಮಂಡ್ಸ್ ಊರಿನ ಕಡೆ ನೆಲ ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಕೊಲ್ಲಿಗೆ ಇಳಿಯುತ್ತದೆ. ಅಂಥದೊಂದು 40 ಮೀಟರ್ ಏರು ಇದೆ, ಅದರ ಅರ್ಧ ಎತ್ತರದ ಜಾಗ ಅಂಚಿನಿಂದ 80 ಮೀಟರ್ ದೂರದಲ್ಲಿದೆ ಎನ್ನೋಣ. ಅಂಚಿನ ಮನೆಯ ಬುಡದಲ್ಲಿ, ಸುತ್ತಲಿನದು ತೆರೆದ ಬಯಲು ಎಂದುಕೊಂಡರೆ, ವೇಗ 1.43 ಪಟ್ಟು, ಒತ್ತಡ 2.04 ಪಟ್ಟು. ಎಂಟು ಮೀಟರ್ ಎತ್ತರದ ಸೂರಿನಲ್ಲಿ ಒತ್ತಡ 1.78 ಪಟ್ಟಿಗೆ ಇಳಿಯುತ್ತದೆ. ಎತ್ತರಕ್ಕೆ ಹೋದಷ್ಟೂ ಗುಡ್ಡದ ಪ್ರಭಾವ ಕುಗ್ಗುವುದರಿಂದ, ಹೆಚ್ಚು ಪೆಟ್ಟು ಬೀಳುವುದು ಗಿಡ್ಡ ಮನೆಗಳಿಗೇ. ನೀರಿನ ಮೇಲಿಂದ ನೇರ ಬರುವ ಗಾಳಿಗಾದರೆ ಅಂಕಿ ಇನ್ನೂ ದೊಡ್ಡದು. ಪ್ರತಿ ನಿವೇಶನಕ್ಕೂ ಈ ಲೆಕ್ಕ ಬಿಡಿಬಿಡಿಯಾಗಿ ಮಾಡುವ ಗೋಜು ತಪ್ಪಿಸಲು ಸಿಯಾಟಲ್ ನಗರಾಡಳಿತ ಗುಣಕಗಳ ನಕ್ಷೆಯನ್ನೇ ಹೊರತಂದಿದೆ.

ಈ ಭಾಗದ ದೊಡ್ಡ ಬಿರುಗಾಳಿಗಳು ಸಾಮಾನ್ಯವಾಗಿ ದಕ್ಷಿಣದಿಂದ ಬರುತ್ತವೆ. ಆದರೆ 2024ರ ನವೆಂಬರ್ 19ರದ್ದು ಕ್ಯಾಸ್ಕೇಡ್ ಪರ್ವತಗಳ ಕಣಿವೆಗಳನ್ನು ಹಾಯ್ದು ಪೂರ್ವದಿಂದ ಬೀಸಿತು. ಲಿನ್‌ವುಡ್‌ನಲ್ಲಿ ಮರ ಬಿದ್ದು ಒಬ್ಬ ಮಹಿಳೆ ಸತ್ತರು. ಗಾಳಿಯ ದಿಕ್ಕು ಹೀಗೆ ಬದಲಾಗಬಹುದಾದ್ದರಿಂದ ಅಂಚಿನಲ್ಲಿ ಮನೆ ಕಟ್ಟುವವರು ಯಾವ ದಿಕ್ಕಿನ ಇಳಿಜಾರನ್ನೂ ಲೆಕ್ಕದಿಂದ ಬಿಡುವಂತಿಲ್ಲ. ಎಂಜಿನಿಯರ್ ಗುಡ್ಡದ ಗುಣಕವನ್ನು 1 ಎಂದು ಹಾಕಿದ್ದರೆ, ಏಕೆಂದು ಕೇಳಿ.