ಮುಖ, ಅಂಚು, ಸನದು: ಹುಬ್ಬಳ್ಳಿ-ಧಾರವಾಡ ಸೀಮೆಯ ಪದಕಗಳ ಕಾಲನಿರ್ಣಯ

ಪ್ರಸ್ತಾವನೆ

ಧಾರವಾಡದ ವಿದ್ವತ್ತು ಶಾಸನಗಳ ಕಾಲನಿರ್ಣಯದಲ್ಲಿ ಪಳಗಿದ್ದು. ಶಾಸನತಜ್ಞ ಫ್ಲೀಟರು 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸವನ್ನು ಶಾಸನಾಧಾರದಿಂದ ಕಟ್ಟಿಕೊಟ್ಟರು. 1939ರಲ್ಲಿ ಇಲ್ಲಿ ಕನ್ನಡ ಸಂಶೋಧನ ಸಂಸ್ಥೆ ಸ್ಥಾಪನೆಯಾಯಿತು. ತೇದಿಯಿಲ್ಲದ ಶಾಸನ ಸಿಕ್ಕಾಗ ಅದರ ಲಿಪಿ, ಅರಸನ ಬಿರುದು, ಅಧಿಕಾರಿಯ ಹೆಸರುಗಳನ್ನು ನೋಡಿ ಪೂರ್ವಮಿತಿ ಮತ್ತು ಉತ್ತರಮಿತಿಗಳನ್ನು ಗೊತ್ತುಮಾಡುವ ಶಿಸ್ತು ನಮಗೆ ಹೊಸದಲ್ಲ. ಅದೇ ಶಿಸ್ತನ್ನು ಕಳೆದ ನೂರಕ್ಕೂ ಹೆಚ್ಚು ವರ್ಷಗಳ ಪದಕ, ಬಿಲ್ಲೆ, ತಾಮ್ರಪತ್ರಗಳಿಗೂ ಅನ್ವಯಿಸಬೇಕೆಂಬುದು ಈ ಲೇಖನದ ಉದ್ದೇಶ.

ಹೆಬ್ಬಳ್ಳಿಯಂಥ ಹಳ್ಳಿಗಳ ವಾಡೆಗಳಿಂದ ಹುಬ್ಬಳ್ಳಿಯ ವ್ಯಾಪಾರಿ ಮನೆತನಗಳವರೆಗೆ ಈ ಸೀಮೆಯಲ್ಲಿ ಸಿಗಬಹುದಾದ ಸಾಮಗ್ರಿ ಮೂರು ಬಗೆಯದು: ವಸ್ತು, ಅದರೊಂದಿಗೆ ಬಂದ ಸನದಿನಂಥ ಕಾಗದ, ಮತ್ತು ಅದನ್ನು ಧರಿಸಿ ತೆಗೆಸಿಕೊಂಡ ಭಾವಚಿತ್ರ. ಈ ಮೂರೂ ಒಂದೇ ವರ್ಷವನ್ನು ಹೇಳುತ್ತವೆಂದು ಭಾವಿಸುವುದೇ ಹಲವು ತಪ್ಪು ಕಾಲನಿರ್ಣಯಗಳ ಮೂಲ. ಬಿರುದು ಬಂದ ವರ್ಷ, ಪದಕದ ಅಚ್ಚು ರೂಪುಗೊಂಡ ವರ್ಷ, ಚಿತ್ರ ತೆಗೆದ ವರ್ಷ ಇವು ಮೂರು ಬೇರೆ ಪ್ರಶ್ನೆಗಳು. ಪದಕದ ವಿನ್ಯಾಸ ಖಚಿತವಾಗಿ ಕೊಡುವುದು ಪೂರ್ವಮಿತಿಯನ್ನು ಮಾತ್ರ.

1911ರ ಬಿಲ್ಲೆ

ರಾವಬಹಾದ್ದೂರ, ರಾವಸಾಹೇಬ ಮೊದಲಾದ ಬಿರುದುಗಳು ಹತ್ತೊಂಬತ್ತನೆಯ ಶತಮಾನದಿಂದಲೇ ಇದ್ದವು. ಅವುಗಳಿಗೆ ಎದೆಯ ಮೇಲೆ ಧರಿಸುವ ಬಿಲ್ಲೆ ದೊರೆತದ್ದು 1911ರ ದಿಲ್ಲಿ ದರ್ಬಾರಿನ ಸಂದರ್ಭದಲ್ಲಿ. ಮೇಲೆ ಕಿರೀಟ, ಕಿರಣಗಳುಳ್ಳ ನಕ್ಷತ್ರದ ನಡುವೆ ದೊರೆಯ ಮುಖ, ಅದರ ಸುತ್ತ ಬಿರುದಿನ ಹೆಸರು: ಇದು ಆ ಬಿಲ್ಲೆಯ ರೂಪ. ದರ್ಜೆಗಳು ಮೂರು. ದಿವಾನ ಬಹಾದ್ದೂರರದು ಮೊದಲನೆಯದು, ರಾವಬಹಾದ್ದೂರರದು ಎರಡನೆಯದು, ರಾವಸಾಹೇಬರದು ಮೂರನೆಯದು. ರಿಬ್ಬನ್ನಿನ ಬಣ್ಣವೂ ದರ್ಜೆಯನ್ನು ಹೇಳುತ್ತದೆ: ಮೊದಲನೆಯದು ಕಡುನೀಲಿ ಅಂಚಿನ ತಿಳಿನೀಲಿ, ಎರಡನೆಯದು ಕಡುಗೆಂಪು ಅಂಚಿನ ಕೆಂಪು, ಮೂರನೆಯದು ತಿಳಿನೀಲಿ ಅಂಚಿನ ಕಡುನೀಲಿ.

ಕಾಲನಿರ್ಣಯದ ಮೊದಲ ಗುರುತು ದೊರೆಯ ಮುಖ. ಐದನೆಯ ಜಾರ್ಜ್ ತೀರಿಕೊಂಡದ್ದು 1936ರ ಜನವರಿಯಲ್ಲಿ. ಆರನೆಯ ಜಾರ್ಜ್ ಪಟ್ಟಕ್ಕೆ ಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಆದ್ದರಿಂದ ಆರನೆಯ ಜಾರ್ಜನ ಮುಖವಿರುವ ಬಿಲ್ಲೆಯನ್ನು 1936ರ ಡಿಸೆಂಬರಿಗಿಂತ ಹಿಂದಕ್ಕೆ ಒಯ್ಯಲಾಗದು, 1947ರಾಚೆಗೂ ತರಲಾಗದು. ಹನ್ನೊಂದು ವರ್ಷಗಳ ಈ ಕಿರಿದಾದ ಅವಧಿ ಸಂಶೋಧಕನಿಗೆ ದೊಡ್ಡ ಆಸರೆ. ಐದನೆಯ ಜಾರ್ಜನ ಬಿಲ್ಲೆಗೆ ಇಪ್ಪತ್ತೈದು ವರ್ಷಗಳ ವ್ಯಾಪ್ತಿಯಿದೆ. ಅಲ್ಲಿ ಹಿಂಬದಿಯನ್ನು ನೋಡಬೇಕು: ಪಡೆದವರ ಹೆಸರನ್ನೂ ತೇದಿಯನ್ನೂ ಕೊರೆದಿರುವ ಬಿಲ್ಲೆಗಳು ಸಾಕಷ್ಟಿವೆ.

ಈ ನಿಯಮದ ಇನ್ನೊಂದು ಮಗ್ಗುಲು ನಮ್ಮ ಸೀಮೆಯ ಮಟ್ಟಿಗೆ ಹೆಚ್ಚು ಮುಖ್ಯ. 1883ರಲ್ಲಿ ಗಿಲಗಂಚಿ ಗುರುಸಿದ್ದಪ್ಪನವರೊಡನೆ ಲಿಂಗಾಯತ ವಿದ್ಯಾನಿಧಿ ಕಟ್ಟಿದ ಅರಟಾಳ ರುದ್ರಗೌಡರನ್ನೂ, 1917ರಲ್ಲಿ ಕರ್ನಾಟಕ ಕಾಲೇಜು ಧಾರವಾಡಕ್ಕೆ ಬರಲು ದುಡಿದ ರೊದ್ದ ಶ್ರೀನಿವಾಸರಾಯರನ್ನೂ ನಾವು ರಾವಬಹಾದ್ದೂರರೆಂದೇ ನೆನೆಯುತ್ತೇವೆ. ಆ ಪೀಳಿಗೆಯವರ ಚಿತ್ರದಲ್ಲಿ ರುಮಾಲು, ಉದ್ದ ಕೋಟು, ಉತ್ತರೀಯ ಇದ್ದು ಎದೆಯ ಮೇಲೆ ಬಿಲ್ಲೆ ಕಾಣದಿದ್ದರೆ, ಅಷ್ಟರಿಂದಲೇ ಆಗ ಅವರಿಗೆ ಬಿರುದು ಬಂದಿರಲಿಲ್ಲವೆಂದು ತೀರ್ಮಾನಿಸಬಾರದು. 1911ಕ್ಕೆ ಮೊದಲು ಬಿರುದಿತ್ತು, ಸನದಿತ್ತು, ಬಿಲ್ಲೆ ಇರಲಿಲ್ಲ.

ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರ ವಿಷಯದಲ್ಲಿ ಹೆಸರಿನ ಹಿಂದಿನ ಬಿರುದೇ ಹೆಚ್ಚು ನೆರವಾಗುತ್ತದೆ. ಅವರು ಮೊದಲು ದಿವಾನ ಬಹಾದ್ದೂರ, ಅನಂತರ ‘ಸರ್’. ಅವರ ಕಾಲದ ಆಹ್ವಾನಪತ್ರ, ಶಿಲಾಫಲಕ, ವರದಿಗಳಲ್ಲಿ ಯಾವ ಬಿರುದು ಬಂದಿದೆಯೆಂದು ನೋಡಿದರೆ ಆ ಕಾಗದದ ಮಿತಿ ತಾನಾಗಿ ದೊರೆಯುತ್ತದೆ. ಯಾವುದೇ ಶ್ರೇಣಿಗೆ ಸೇರದ ‘ಸರ್’ ಪದವಿಯವರಿಗೆ 1926ರವರೆಗೆ ಬಿಲ್ಲೆಯೇ ಇರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಸೈನಿಕರ ಪದಕ: ಅಂಚಿನ ಸಾಕ್ಷ್ಯ

ಮೊದಲನೆಯ ಮಹಾಯುದ್ಧದ ಪದಕಗಳಲ್ಲಿ ಅಚ್ಚಾದ ವರ್ಷಗಳು ಮೋಸಗೊಳಿಸುತ್ತವೆ. ಬ್ರಿಟಿಷ್ ಯುದ್ಧ ಪದಕದ ಮೇಲೆ 1914-1918 ಎಂದಿದೆ, ವಿಜಯ ಪದಕದ ಮೇಲೆ 1914-1919 ಎಂದಿದೆ. ಇವು ಯುದ್ಧದ ವರ್ಷಗಳು. ಪದಕ ಸೈನಿಕನ ಕೈ ಸೇರಿದ್ದು ಯುದ್ಧ ಮುಗಿದ ಮೇಲೆ. ನಿಜವಾದ ಸಾಕ್ಷ್ಯವಿರುವುದು ಅಂಚಿನಲ್ಲಿ: ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ದಳ. 103, 105, 110, 114, 116, 117 ಎಂಬ ಸಂಖ್ಯೆಗಳ ಮರಾಠಾ ದಳಗಳು 1922ರ ಪುನರ್ರಚನೆಯಲ್ಲಿ ಒಂದೇ ರೆಜಿಮೆಂಟಿನೊಳಗೆ ಬಂದವು. ಅದರ ಕೇಂದ್ರ ಇಂದಿಗೂ ಬೆಳಗಾವಿ. ಅಂಚಿನಲ್ಲಿ ಆ ಹಳೆಯ ಸಂಖ್ಯೆ ಕಂಡರೆ ಸೈನಿಕನ ಸೇವೆ 1922ಕ್ಕಿಂತ ಹಿಂದಿನದೆಂದು ತಿಳಿಯಬಹುದು. ಬೆಳ್ಳಿಯ ಬದಲು ಕಂಚಿನಲ್ಲಿ ಅಚ್ಚಾದ ಯುದ್ಧ ಪದಕ ಬಂದೂಕು ಹಿಡಿದವನದಲ್ಲ, ಹೊರೆ ಹೊತ್ತ ಕಾರ್ಮಿಕ ದಳದವನದು. ಕಂಚನ್ನು ಅಗ್ಗವೆಂದು ಬದಿಗಿಟ್ಟರೆ ನಮ್ಮ ಇತಿಹಾಸದಿಂದ ಮೊದಲು ಕಣ್ಮರೆಯಾಗುವವರು ಆ ಬಡವರೇ.

ತ್ಯಾಗ ಮತ್ತು ಸಂಧಿಕಾಲ

1920ರ ಆಗಸ್ಟಿನಲ್ಲಿ ಗಾಂಧೀಜಿ ಕೈಸರ್-ಇ-ಹಿಂದ್ ಪದಕವನ್ನು ಹಿಂದಿರುಗಿಸಿದರು. ಬಿರುದುಗಳ ತ್ಯಾಗ ಅಸಹಕಾರ ಚಳವಳಿಯ ಕಾರ್ಯಕ್ರಮವಾಯಿತು. ಮರುವರ್ಷ ಜುಲೈ 1ರಂದು ಧಾರವಾಡದಲ್ಲೇ ಹೆಂಡದಂಗಡಿಯ ಮುಂದಿನ ಪಿಕೆಟಿಂಗ್ ವೇಳೆ ಗೋಲೀಬಾರ್ ನಡೆಯಿತು. ಆದ್ದರಿಂದ ಸನದು ಉಳಿದು ಪದಕ ಉಳಿಯದ ಮನೆತನ ಸಿಕ್ಕರೆ, ಅದನ್ನು ಕಳೆದುಹೋದ ವಸ್ತುವೆಂದು ಬರೆಯುವ ಮೊದಲು 1920-22ರ ಪತ್ರಿಕೆಗಳನ್ನು ತೆರೆದು ನೋಡಬೇಕು.

1947ರ ಸ್ವಾತಂತ್ರ್ಯ ಪದಕ ಸಂಧಿಕಾಲದ ಅತ್ಯುತ್ತಮ ಉದಾಹರಣೆ. ಒಂದು ಬದಿ ಕಿರೀಟದ ಕೆಳಗೆ ಅಶೋಕ ಚಕ್ರ, ಸುತ್ತ ಆರನೆಯ ಜಾರ್ಜನ ಹೆಸರು; ಇನ್ನೊಂದು ಬದಿ ಸಾರನಾಥದ ಸಿಂಹಗಳು. ಕಿರೀಟವೂ ಚಕ್ರವೂ ಒಟ್ಟಿಗಿರುವ ಇಂಥ ವಿನ್ಯಾಸ 1947ರಿಂದ 1950ರ ಗಣರಾಜ್ಯದವರೆಗಿನ ಕಾಲಕ್ಕಷ್ಟೇ ಸಲ್ಲುತ್ತದೆ. ಇನ್ನು ಸ್ವಾತಂತ್ರ್ಯ ಹೋರಾಟಗಾರರ ತಾಮ್ರಪತ್ರ ತನ್ನ ತೇದಿಯನ್ನು ತಾನೇ ಹೇಳುತ್ತದೆ: 1972ರ ಆಗಸ್ಟ್ 15, ಜೊತೆಗೆ ಶಕ ವರ್ಷ 1894.

ಪದ್ಮ ಪದಕಗಳ ಸಾಲು

1954ರ ಜನವರಿ 2ರಂದು ಆರಂಭವಾದ ಪದ್ಮ ವಿಭೂಷಣದಲ್ಲಿ ಪಹಲಾ, ದೂಸರಾ, ತೀಸರಾ ಎಂಬ ಮೂರು ವರ್ಗಗಳಿದ್ದವು. 1955ರ ಜನವರಿ 8ರಿಂದ ಅವು ಪದ್ಮ ವಿಭೂಷಣ, ಪದ್ಮ ಭೂಷಣ, ಪದ್ಮಶ್ರೀ ಎಂದಾದವು. ವಿನ್ಯಾಸ 1955ರಲ್ಲಿ, ಲೋಹ 1957ರಲ್ಲಿ ಬದಲಾಯಿತು. ‘ವರ್ಗ’ ಎಂಬ ಮಾತಿರುವ ಸನದು ಹಾಗಾಗಿ ಒಂದೇ ವರ್ಷದ ಸಾಕ್ಷ್ಯ.

ಧಾರವಾಡ ಸೀಮೆಗೆ ಬಂದ ಪದಕಗಳನ್ನು ಸಾಲಾಗಿ ಜೋಡಿಸಿದರೆ ಒಂದು ಖಚಿತ ಅಳತೆಗೋಲು ಸಿಗುತ್ತದೆ. ವಿ.ಕೃ. ಗೋಕಾಕರಿಗೆ 1961ರಲ್ಲಿ ಪದ್ಮಶ್ರೀ, ಕರ್ನಾಟಕ ವಿಶ್ವವಿದ್ಯಾಲಯ ಕಟ್ಟಿದ ಡಿ.ಸಿ. ಪಾವಟೆಯವರಿಗೆ 1967ರಲ್ಲಿ ಪದ್ಮ ಭೂಷಣ, ಬೇಂದ್ರೆಯವರಿಗೆ 1968ರಲ್ಲಿ ಪದ್ಮಶ್ರೀ. ಮಲ್ಲಿಕಾರ್ಜುನ ಮನ್ಸೂರರಿಗೆ ಮೂರೂ ಸಂದವು: 1970, 1976, 1992. ಬಸವರಾಜ ರಾಜಗುರುಗಳಿಗೆ 1975ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮ ಭೂಷಣ. ಗಂಗೂಬಾಯಿ ಹಾನಗಲ್ಲರಿಗೆ 1971ರಲ್ಲಿ ಪದ್ಮ ಭೂಷಣ, 2002ರಲ್ಲಿ ಪದ್ಮ ವಿಭೂಷಣ. ಒಂದೇ ವ್ಯಕ್ತಿ ಬೇರೆ ಬೇರೆ ದಶಕಗಳಲ್ಲಿ ಪಡೆದ ಪದಕಗಳು ಅಕ್ಕಪಕ್ಕ ಬಂದಾಗ ತಯಾರಿಕೆಯ ಸೂಕ್ಷ್ಮ ಭೇದಗಳನ್ನು ಊಹೆಯಿಲ್ಲದೆ ದಾಖಲಿಸಬಹುದು.

ಪದ್ಮ ಪಟ್ಟಿಯ ಖಾಲಿ ವರ್ಷಗಳೂ ಸಾಕ್ಷ್ಯವೇ. 1978, 1979ರಲ್ಲಿ ಈ ಗೌರವಗಳಿಲ್ಲ. 1993ರಿಂದ 1997ರವರೆಗೂ ಇಲ್ಲ. ಆ ವರ್ಷಗಳನ್ನು ಹೇಳುವ ಅಭಿನಂದನ ಗ್ರಂಥ, ಚಿತ್ರದ ಅಡಿಬರಹ ಏನೇ ಇದ್ದರೂ ಅದು ತಪ್ಪು. 1992ರ ಸೆಪ್ಟೆಂಬರಿನಲ್ಲಿ ಅಗಲಿದ ಮನ್ಸೂರರ ಪದ್ಮ ವಿಭೂಷಣ ಆ ದೀರ್ಘ ವಿರಾಮದ ಮುಂಚಿನ ಕೊನೆಯ ಪಟ್ಟಿಯದು.

ಜಪಾನಿನ ಹೋಲಿಕೆ

ಈ ವಿಧಾನಕ್ಕೆ ಜಪಾನಿನ ಗೌರವಗಳು ಒಳ್ಳೆಯ ಸಮರ್ಥನೆ. ಅಲ್ಲಿ ಉದಯಸೂರ್ಯ ಶ್ರೇಣಿ 1875ರಲ್ಲಿ, ಪವಿತ್ರ ನಿಧಿ ಶ್ರೇಣಿ 1888ರಲ್ಲಿ ಆರಂಭವಾದವು. ಸೈನಿಕರಿಗೆಂದೇ 1890ರಲ್ಲಿ ಬಂದ ಚಿನ್ನದ ಹದ್ದಿನ ಶ್ರೇಣಿ 1947ರಲ್ಲಿ ರದ್ದಾಯಿತು. ಬದುಕಿರುವ ನಾಗರಿಕರಿಗೆ ಗೌರವ ಕೊಡುವುದು 1946ರಲ್ಲಿ ನಿಂತು 1964ರಲ್ಲಿ ಮತ್ತೆ ಮೊದಲಾಯಿತು. 2003ರ ಸುಧಾರಣೆಯಲ್ಲಿ ದರ್ಜೆಯ ಸಂಖ್ಯೆಗಳು ಹೋಗಿ ಹೆಸರುಗಳು ಬಂದವು. ನಮ್ಮ ವಿಜ್ಞಾನಿ ಸಿ.ಎನ್.ಆರ್. ರಾಯರಿಗೆ 2015ರಲ್ಲಿ ಸಂದ ಉದಯಸೂರ್ಯ ಗೌರವಕ್ಕೆ ಚಿನ್ನ-ಬೆಳ್ಳಿ ನಕ್ಷತ್ರವೆಂಬ ಹೆಸರಿದೆ. 2003ಕ್ಕೆ ಮೊದಲಾಗಿದ್ದರೆ ಅದು ಎರಡನೆಯ ದರ್ಜೆ ಎನಿಸಿಕೊಳ್ಳುತ್ತಿತ್ತು. ಆರಂಭ, ವಿರಾಮ, ರದ್ದತಿ, ಹೆಸರಿನ ಬದಲಾವಣೆ: ಟೋಕಿಯೋದಲ್ಲೂ ಧಾರವಾಡದಲ್ಲೂ ಕಾಲವನ್ನು ಹಿಡಿದುಕೊಡುವ ಗಂಟುಗಳು ಇವೇ ನಾಲ್ಕು.

ನಿರ್ಣಯ

ಸಂವಿಧಾನದ 18ನೆಯ ವಿಧಿ ಬಿರುದುಗಳನ್ನು ರದ್ದುಪಡಿಸಿತು. ಪದ್ಮ ಗೌರವಗಳು ಬಿರುದುಗಳಲ್ಲ, ಹೆಸರಿನ ಹಿಂದೆ ಮುಂದೆ ಅವನ್ನು ಬಳಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಹೇಳಿತು. ಹೀಗಾಗಿ 1950ರ ಮೊದಲಿನ ಕಾಗದಗಳಲ್ಲಿ ವ್ಯಕ್ತಿಯ ಹೆಸರಿಗಂಟಿದ ಬಿರುದು ಕಾಲವನ್ನು ಹೇಳಿದರೆ, ಅನಂತರದ ಕಾಲಕ್ಕೆ ಪದಕವನ್ನೂ ಸನದನ್ನೂ ಗೆಜೆಟ್ಟನ್ನೂ ಕೂಡಿಸಿ ಓದಬೇಕಾಗುತ್ತದೆ.

ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಪ್ರತಿಯೊಂದು ಪದಕದ ಎರಡೂ ಬದಿ ಮತ್ತು ಅಂಚಿನ ಚಿತ್ರ, ವ್ಯಾಸ, ತೂಕ, ರಿಬ್ಬನ್ನಿನ ಬಣ್ಣ, ಡಬ್ಬಿಯ ಮೇಲಿನ ಬರಹ ದಾಖಲಾಗಬೇಕು. ಹುಳಿ ಹಚ್ಚಿ ಬೆಳಗಬಾರದು: ಕೊರೆದ ಅಕ್ಷರ ಸವೆದರೆ ತೇದಿಯೇ ಸವೆದಂತೆ. ಸನದನ್ನು ಪದಕದಿಂದ ಅಗಲಿಸಬಾರದು. ನಮ್ಮ ವಿಶ್ವವಿದ್ಯಾಲಯ, ಸಂಘ, ಟ್ರಸ್ಟುಗಳು ಕೂಡಿ, ತೇದಿ ನಿಶ್ಚಿತವಿರುವ ಪದ್ಮ ಪದಕಗಳಿಂದ ಆರಂಭಿಸಿ ಅನಿಶ್ಚಿತವಾದ ರಾವಬಹಾದ್ದೂರ ಬಿಲ್ಲೆಗಳ ಕಡೆಗೆ ಹಿಮ್ಮುಖವಾಗಿ ಸಾಗುವ ಒಂದು ಸಚಿತ್ರ ಪಟ್ಟಿಯನ್ನು ಸಿದ್ಧಪಡಿಸಬೇಕು. ಶಾಸನಗಳಿಗೆ ಈ ಊರು ಒಂದು ಶತಮಾನದ ಶ್ರಮವನ್ನು ಕೊಟ್ಟಿದೆ. ಇಲ್ಲಿಯ ಜನರ ಎದೆಯ ಮೇಲಿದ್ದ ಈ ಸಣ್ಣ ಲೋಹದ ಬರಹಗಳಿಗೂ ಅಂಥದೇ ಶ್ರಮ ಸಲ್ಲಬೇಕು.