ಅಜ್ಜನ ಸನದು ಎಲ್ಲಿದೆ?

ಆಶ್ರಯ ಬೇಡಿದವನ ವೀಸಾ ಅರ್ಜಿ ತಿರಸ್ಕಾರವಾಗಿ ಮೇಲ್ಮನವಿಗೆ ಹೋದಾಗ, ಎದುರಿಗೆ ಕೂತ ಅಧಿಕಾರಿ ತೀರ್ಮಾನಿಸಬೇಕಾದ್ದು ಬಹುಪಾಲು ಒಂದೇ: ಈ ಮನುಷ್ಯ ಹೇಳ್ತಿರೋದನ್ನ ನಂಬಬಹುದಾ? ಕಾಗದ ಇಲ್ಲ. ಸಾಕ್ಷಿಗಳು ಬೇರೆ ದೇಶದಲ್ಲಿದ್ದಾರೆ. ಮೊದಲ ಸಂದರ್ಶನದಲ್ಲಿ ಮಾರ್ಚ್ ಅಂದಿದ್ದವನು ಈಗ ಮೇ ಅಂತಾನೆ. ಓಡಿಬಂದವನ ಹತ್ತಿರ ದಾಖಲೆ ಇಲ್ಲದಿರೋದು ಸಹಜ, ಕಥೆ ಒಟ್ಟಾರೆ ನಂಬುವಂತಿದ್ದರೆ ಸಂಶಯದ ಲಾಭ ಅವನಿಗೇ ಸಿಗಲಿ ಎನ್ನುತ್ತದೆ ವಿಶ್ವಸಂಸ್ಥೆಯ 1979ರ ಕೈಪಿಡಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ. ಹಾಗಾಗಿ ಇದೆಲ್ಲ ಪರದೇಶದ ಕಥೆ ಅನಿಸಬಹುದು. ನನಗೆ ಹಾಗನಿಸೋದಿಲ್ಲ. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಸೀಮೆಯ ಜನ ಈ ಪರೀಕ್ಷೆಯನ್ನು 170 ವರ್ಷಗಳ ಹಿಂದೆಯೇ ಬರೆದಿದ್ದಾರೆ. ಜೀವಕ್ಕಾಗಿ ಅಲ್ಲ, ಹೊಲಕ್ಕಾಗಿ.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಈ ಭಾಗ ಕಂಪನಿಗೆ ಬಂತು. ಸವಣೂರು ಮಾತ್ರ ನವಾಬರ ಪುಟ್ಟ ಸಂಸ್ಥಾನವಾಗಿ ಉಳಿಯಿತು. ಊರೂರಲ್ಲಿ ಕಂದಾಯವಿಲ್ಲದ ಇನಾಂ ಜಮೀನು: ಮಠಕ್ಕೆ, ಮಸೀದಿಗೆ, ಜೋಯಿಸರಿಗೆ, ದೇಸಾಯರಿಗೆ. ಅದರ ಹಕ್ಕು ಪರಿಶೀಲಿಸಲು 1852ರ 11ನೇ ಕಾಯ್ದೆಯ ಬಲದಲ್ಲಿ ಇನಾಂ ಕಮಿಷನ್ ಕೂತಿತು. ಅದರ ಒಂದು ಮುಖ್ಯ ನಿಯಮ, ಸ್ಥೂಲವಾಗಿ ಹೇಳೋದಾದ್ರೆ, ಹೀಗಿತ್ತು: ಕಂಪನಿ ಬರುವ ಹಿಂದಿನ 60 ವರ್ಷ ಜಮೀನನ್ನು ಅಡೆತಡೆಯಿಲ್ಲದೆ ಅನುಭವಿಸಿರಬೇಕು, ಕೊನೆಗೆ ಅದು ಮೂಲ ಇನಾಂದಾರನ ಮೊಮ್ಮಗನ ಅಥವಾ ಅವನ ಗಂಡು ಸಂತತಿಯ ಕೈಯಲ್ಲಿರಬೇಕು.

ಸ್ವಲ್ಪ ಲೆಕ್ಕ ಹಾಕಿ ನೋಡ್ರಿ. 1818ರಿಂದ 60 ಕಳೆದರೆ 1758. ಅದಕ್ಕೆ ಎರಡು ವರ್ಷ ಮುಂಚೆ ಪೇಶ್ವೆ ಬಾಳಾಜಿ ಬಾಜಿರಾವ್ ಸವಣೂರಿಗೆ ಮುತ್ತಿಗೆ ಹಾಕಿ ನವಾಬನಿಂದ ಸೀಮೆ ಕಿತ್ತುಕೊಂಡಿದ್ದ. 1764ರಲ್ಲಿ ಹಿರೇಕೆರೂರಿನ ಪಕ್ಕದ ರಟ್ಟೀಹಳ್ಳಿಯಲ್ಲೇ ಮಾಧವರಾಯನಿಗೂ ಹೈದರನಿಗೂ ಯುದ್ಧ. 1786ರಲ್ಲಿ ಟಿಪ್ಪು ಸವಣೂರು ಹಿಡಿದಾಗ ನವಾಬ ಅಬ್ದುಲ್ ಹಕೀಂ ಖಾನನೇ ಮರಾಠರ ಆಶ್ರಯಕ್ಕೆ ಓಡಿದ. ದೊರೆಯೇ ನಿರಾಶ್ರಿತನಾದ ಸೀಮೆಯಲ್ಲಿ ಶಿಗ್ಗಾಂವಿಯ ಒಬ್ಬ ರೈತ 'ಅಡೆತಡೆಯಿಲ್ಲದ' 60 ವರ್ಷ ತೋರಿಸಬೇಕು!

ಅಧಿಕಾರಿಗಳು ಮೂರ್ಖರೇನಲ್ಲ. ಖೋಟಾ ಸನದುಗಳು ನಿಜವಾಗಿಯೂ ಓಡಾಡುತ್ತಿದ್ದವು. ಪುಣೆಯ ಪೇಶ್ವೆ ದಫ್ತರ ಅವರ ಕೈಯಲ್ಲಿತ್ತು, ಹೇಳಿಕೆಯನ್ನು ಅದರ ಲೆಕ್ಕಕ್ಕೆ ತಾಳೆ ನೋಡುತ್ತಿದ್ದರು. ಆದರೆ ನವಾಬ ಕೊಟ್ಟಿದ್ದರ ಕುರುಹನ್ನು ಪುಣೆಯಲ್ಲಿ ಹುಡುಕಿದರೆ ಸಿಗಲೇಬೇಕೆಂದೇನೂ ಇಲ್ಲವಲ್ಲ. ದಫ್ತರದ ಮೌನ ಒಂದು ಸಾಕ್ಷಿ, ಅಷ್ಟೇ. ಅದನ್ನೇ ಸುಳ್ಳಿನ ಪುರಾವೆ ಅಂದ್ರೆ ಹೇಗೆ? ಇಂದಿನ ನಿರಾಶ್ರಿತರ ಕಡತಗಳಲ್ಲೂ ಎಡವೋದು ಇಲ್ಲೇ ಅಂತ ನನ್ನ ಅಭಿಪ್ರಾಯ. ಅಧಿಕಾರಿಯ ಕೈಲಿರೋ ದೇಶದ ವರದಿಯಲ್ಲಿ ಆ ಹಳ್ಳಿಯ ಗಲಭೆ ಇಲ್ಲ, ಆದ್ದರಿಂದ ಗಲಭೆಯೇ ಆಗಿಲ್ಲ.

ಇನ್ನು ಮೇಲ್ಮನವಿ. ಸಿವಿಲ್ ಕೋರ್ಟಿನ ದಾರಿ ಮುಚ್ಚಿತ್ತು, ಮುಂಬೈ ಸರಕಾರಕ್ಕೇ ಹೋಗಬೇಕು. ಇನಾಂ ಬಿದ್ದುಹೋದರೆ ಕಂದಾಯ ಸೇರೋದೂ ಅದೇ ಸರಕಾರಕ್ಕೆ. ಕಮಿಷನ್ ಪರಿಶೀಲಿಸಿದ್ದು ಸುಮಾರು 35,000 ಇನಾಂ, ಜಪ್ತಿಯಾಗಿದ್ದು ಸುಮಾರು 20,000 ಎಂಬ ಲೆಕ್ಕವನ್ನು ಇತಿಹಾಸಕಾರರು ಕೊಡುತ್ತಾರೆ. 1858ರಲ್ಲಿ ನರಗುಂದದ ಬಾಬಾಸಾಹೇಬ ಸುರೇಬಾನದಲ್ಲಿ ಕೊಂದ ಮ್ಯಾನ್ಸನ್ ಹಿಂದೆ ಇದೇ ಕಮಿಷನ್ನಿನಲ್ಲಿದ್ದವನು.

ದಂಗೆಯ ನಂತರ ಸರಕಾರಕ್ಕೂ ಈ ವಿಚಾರಣೆ ಸಾಕಾಯ್ತು. 1863ರ ಕಾಯ್ದೆ ಒಂದು ಅಡ್ಡದಾರಿ ಕೊಟ್ಟಿತು: ರೂಪಾಯಿಗೆ ನಾಲ್ಕಾಣೆ ಕಂದಾಯ, ಜೊತೆಗೆ ಒಂದಿಷ್ಟು ನಜರಾಣೆ ಕಟ್ಟಲು ಒಪ್ಪಿದರೆ ಇನಾಂ ನಿಮ್ಮದೇ, ಪುರಾವೆ ಬೇಕಿಲ್ಲ. ಹಿಂದಿನ ಹತ್ತು ವರ್ಷದಲ್ಲಿ ಸುಳ್ಳುಗಾರರೆನಿಸಿಕೊಂಡು ಹೊಲ ಕಳೆದುಕೊಂಡವರ ಪಕ್ಕದ ಹೊಲದವರು ಈ ನಾಲ್ಕಾಣೆ ಕಟ್ಟಿ ಉಳುಮೆ ಮುಂದುವರಿಸಿದರು.